ಕಂಡದ್ದು, ಕೇಳಿದ್ದು, ಅನಿಸಿದ್ದು: ಗುಣಾತ್ಮಕ ಸಂಶೋಧನೆಗೆ ಇಳಿಯುವವರಿಗೆ

ಪದವಿ ತರಗತಿಯಲ್ಲಿ ಕಿರು ಸಂಶೋಧನೆಯ ಕೆಲಸ ಕೊಟ್ಟ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಕೂತು ಬರೆಯುವುದು ಪ್ರಶ್ನಾವಳಿ. ಹೆಸರು, ವಯಸ್ಸು, ಜಾತಿ, ಉದ್ಯೋಗ, ವಾರ್ಷಿಕ ಆದಾಯ. ಆಮೇಲೆ ‘ಹೌದು’, ‘ಇಲ್ಲ’, ‘ಹೇಳಲಾರೆ’ ಎಂಬ ಮೂರು ಚೌಕಗಳು. ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಊರಿಗೆ ಹೊರಡುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಕೆಲವು ವಿಷಯಗಳನ್ನು ತಿಳಿಯಲು ಅದೇ ಸರಿಯಾದ ದಾರಿ. ಆದರೆ ಬೈಂದೂರಿನ ಒಳಹಳ್ಳಿಯ ಒಂದು ಮನೆಗೆ ಆ ಹಾಳೆ ಹಿಡಿದು ಹೋದಿರಿ ಎಂದುಕೊಳ್ಳಿ. ಜಗಲಿಯಲ್ಲಿ ಒಬ್ಬ ಅಕ್ಕ ಮಡಿಲಲ್ಲಿ ಗೆರಸಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. ‘ನಿಮ್ಮ ಉದ್ಯೋಗ?’ ಎಂದು ನೀವು ಕೇಳುತ್ತೀರಿ. ‘ಕೆಲ್ಸ ಎಂತದೂ ಇಲ್ಲೆ, ಮನಿಯಂಗೇ ಇಪ್ಪುದ್’ ಎನ್ನುತ್ತಾರೆ. ಹಾಗೆನ್ನುವಾಗಲೂ ಅವರ ಕೈ ನಿಂತಿಲ್ಲ. ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ಬೀಳುತ್ತದೆ, ಎಲೆ ಸುರುಳಿಯಾಗುತ್ತದೆ, ತುದಿ ಮಡಚಿಕೊಳ್ಳುತ್ತದೆ, ಅದರ ಮೇಲೆ ನೂಲು ಸುತ್ತುತ್ತದೆ. ನೀವು ಹಾಳೆಯಲ್ಲಿ ‘ಗೃಹಿಣಿ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೀರಿ.

ಅಲ್ಲಿಗೆ ಒಂದು ದೊಡ್ಡ ವಿಷಯ ಕೈತಪ್ಪಿತು. ದಿನವಿಡೀ ದುಡಿಯುವವರು ಅದನ್ನು ಕೆಲಸ ಎನ್ನುವುದಿಲ್ಲ ಯಾಕೆ? ವಾರದ ಕೊನೆಗೆ ಬೀಡಿ ಬ್ರಾಂಚಿನಿಂದ ಬರುವ ಮಜೂರಿ ಯಾರ ಕೈಗೆ ಹೋಗುತ್ತದೆ? ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ ಬೇಡವೆಂದು ಬದಿಗೆ ಹಾಕಿದ ಬೀಡಿಯ ನಷ್ಟವನ್ನು ಯಾರು ಹೊರುತ್ತಾರೆ? ಮುಂದೆಂದೋ ಸಿಗುವ ಪಿ.ಎಫ್. ಹಣದ ಭರವಸೆ ಎಷ್ಟು ವರ್ಷ ಒಬ್ಬರನ್ನು ಅದೇ ಗೆರಸಿಯ ಮುಂದೆ ಕೂರಿಸಬಲ್ಲದು? ಎಷ್ಟು ಮಂದಿ ಬೀಡಿ ಕಟ್ಟುತ್ತಾರೆ, ಸಾವಿರ ಬೀಡಿಗೆ ಎಷ್ಟು ಮಜೂರಿ ಎಂಬುದನ್ನು ಎಣಿಸಿಯೇ ತಿಳಿಯಬೇಕು. ಮೇಲೆ ಕೇಳಿದ ಪ್ರಶ್ನೆಗಳ ಉತ್ತರವನ್ನಾದರೋ ಎಣಿಸಿ ತಿಳಿಯಲಾಗದು. ಹತ್ತಿರ ಕೂತು, ನೋಡಿ, ಕೇಳಿ, ಮತ್ತೆ ಬಂದು ಕೇಳಿ ತಿಳಿಯಬೇಕು. ಆ ತಿಳಿಯುವಿಕೆಗೆ ಒಂದು ಶಿಸ್ತು ಇದೆ. ಅದಕ್ಕೆ ಸಮಾಜವಿಜ್ಞಾನದಲ್ಲಿ ಗುಣಾತ್ಮಕ ಸಂಶೋಧನೆ ಎನ್ನುತ್ತೇವೆ.

ಲೆಕ್ಕಕ್ಕೆ ಹೆದರುವವರು ಹಿಡಿಯುವ ಸುಲಭದ ದಾರಿ ಇದು ಎಂಬ ಮಾತು ಕಾಲೇಜುಗಳಲ್ಲಿ ಓಡಾಡುತ್ತಿದೆ. ಅದು ನಿಜವಲ್ಲ. ಅಂಕಿಸಂಖ್ಯೆಯ ಅಧ್ಯಯನದಲ್ಲಿ ಪ್ರಶ್ನಾವಳಿ ಚೆನ್ನಾಗಿದ್ದರೆ ಅದನ್ನು ತುಂಬಿಸಿಕೊಂಡು ಬರುವವರು ಬೇರೆ ಯಾರಾದರೂ ಆಗಬಹುದು. ಇಲ್ಲಿ ಹಾಗಲ್ಲ, ಸಂಶೋಧನೆ ಮಾಡುವವರೇ ಇಲ್ಲಿ ಉಪಕರಣ. ನಿಮ್ಮ ಕಣ್ಣು, ಕಿವಿ, ನಿಮ್ಮ ಜಾತಿ, ಪ್ರಾಯ, ನೀವು ಗಂಡೋ ಹೆಣ್ಣೋ ಎಂಬುದು, ನಿಮ್ಮ ಸಂಕೋಚ, ನಿಮ್ಮ ಆತುರ ಎಲ್ಲವೂ ನೀವು ತರುವ ಮಾಹಿತಿಯೊಳಗೆ ಸೇರಿರುತ್ತವೆ. ಹಾಗಿದ್ದರೆ ನೀವು ತಂದದ್ದನ್ನು ಓದುವವರು ಯಾಕೆ ನಂಬಬೇಕು? ಗುಣಾತ್ಮಕ ವಿಧಾನದ ಪುಸ್ತಕಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಗೇ ಉತ್ತರ ಹುಡುಕುತ್ತವೆ. ನನಗೆ ಅತ್ಯಂತ ಮುಖ್ಯ ಎನಿಸಿದ ಉತ್ತರ ಒಂದೇ: ಕಂಡದ್ದು, ಕೇಳಿದ್ದು, ನಿಮಗೆ ಅನಿಸಿದ್ದು ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಮೊದಲ ದಿನದಿಂದಲೇ ಬೇರೆ ಬೇರೆ ಇಡಿ. ಉಳಿದ ಕ್ರಮಗಳೆಲ್ಲ ಇದರಿಂದ ಹುಟ್ಟುತ್ತವೆ.

ಹೇಗೆ ಎಂದು ತೋರಿಸುತ್ತೇನೆ. ಗಂಗೊಳ್ಳಿ ಬಂದರಿನಲ್ಲಿ ಮೀನು ಮಾರುವ ಹೆಂಗಸರ ಬಗ್ಗೆ ತಿಳಿಯಲು ಹೊರಟಿದ್ದೀರಿ. ಮಾದರಿಗಾಗಿ ಒಂದು ಪುಟ ಹೀಗಿರಬಹುದು. ಕಂಡದ್ದು: ‘ಬೆಳಿಗ್ಗೆ ಏಳು ಗಂಟೆ. ಬೋಟಿನಿಂದ ಬುಟ್ಟಿ ಇಳಿಯಿತು. ಹರಾಜು ಕೂಗುವವರ ಸುತ್ತ ಮುಂದಿನ ಸಾಲಿನಲ್ಲಿ ಗಂಡಸರು, ಹೆಂಗಸರು ಹಿಂದೆ. ನೀಲಿ ಸೀರೆಯವರು ಒಂದೇ ಒಂದು ಸಲ ಕೈಯೆತ್ತಿದರು, ರೇಟು ಏರಿದ ಮೇಲೆ ಸುಮ್ಮನಾದರು. ಹರಾಜು ಮುಗಿದ ಮೇಲೆ ಕೊಂಡವರ ಹತ್ತಿರ ಹೋಗಿ ಅರ್ಧ ಬುಟ್ಟಿ ತೆಗೆದುಕೊಂಡರು. ದುಡ್ಡು ಕೊಟ್ಟದ್ದು ಕಾಣಲಿಲ್ಲ.’ ಕೇಳಿದ್ದು: ‘ಬಂಗ್ಡಿ ಇವತ್ ನಮ್ಗ್ ಎಟ್ಕುದಿಲ್ಲೆ’ ಎಂದು ನೀಲಿ ಸೀರೆಯವರು ಪಕ್ಕದವರಿಗೆ ಹೇಳಿದ್ದು, ನಾನು ಕೇಳದೆಯೇ ಬಂದ ಮಾತು. ಅನಿಸಿದ್ದು: ‘ಸಾಲಕ್ಕೆ ತೆಗೆದುಕೊಂಡರೇ? ಹಾಗಾದರೆ ತೀರಿಸುವುದು ಯಾವಾಗ? ಸಾಲ ಕೊಡುವವರು ರೇಟನ್ನೂ ಹೇಳುತ್ತಾರೆಯೇ? ನಾಳೆ ಕೇಳಬೇಕು.’

ಇದೇ ಬೆಳಗನ್ನು ಇನ್ನೊಬ್ಬ ವಿದ್ಯಾರ್ಥಿ ಹೀಗೆ ಬರೆಯಬಹುದು: ‘ಮೀನು ಮಾರುವ ಬಡ ಮಹಿಳೆಯರು ಮಧ್ಯವರ್ತಿಗಳ ಶೋಷಣೆಗೆ ಒಳಗಾಗಿದ್ದಾರೆ.’ ಈ ವಾಕ್ಯ ಸುಳ್ಳಿರಬೇಕೆಂದಿಲ್ಲ, ತನಿಖೆ ಮಾಡಿದ ಮೇಲೆ ನಿಜವೆಂದೇ ಆಗಬಹುದು. ಆದರೆ ಈ ವಾಕ್ಯದಿಂದ ಹಿಂದಕ್ಕೆ ಹೋಗುವ ದಾರಿ ಇಲ್ಲ. ಯಾರು, ಎಲ್ಲಿ, ಏನು ಮಾಡಿದ್ದನ್ನು ನೋಡಿ ‘ಶೋಷಣೆ’ ಎಂದಿರಿ? ಆ ನೀಲಿ ಸೀರೆಯವರಿಗೆ ಅದು ಶೋಷಣೆಯೋ, ಹತ್ತಾರು ವರ್ಷದ ನಂಬಿಕೆಯ ಕೊಡುಕೊಳ್ಳುವಿಕೆಯೋ, ಎರಡೂ ಹೌದೋ? ಮೊದಲ ಟಿಪ್ಪಣಿಯಲ್ಲಿ ಈ ಪ್ರಶ್ನೆಗಳಿಗೆಲ್ಲ ಬಾಗಿಲು ತೆರೆದಿದೆ. ಎರಡನೆಯದರಲ್ಲಿ ಮುಚ್ಚಿದೆ.

ಈ ಬಗೆಯ ಸಂಶೋಧನೆಗೆ ಹಳೆಯ ಪರಂಪರೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರೊನಿಸ್ಲಾ ಮಲಿನೋವ್ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಗುಡಾರ ಹಾಕಿ, ಅಲ್ಲಿಯ ಭಾಷೆ ಕಲಿತು, ಜನರ ನಡುವೆ ಇದ್ದು ಅಧ್ಯಯನ ಮಾಡಿದರು. ನಮಗೆ ಹತ್ತಿರದ ದೊಡ್ಡ ಹೆಸರು ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರದು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು, ಬರಹದಲ್ಲಿ ಆ ಹಳ್ಳಿಯನ್ನು ‘ರಾಂಪುರ’ ಎಂದು ಕರೆದರು. ಆಮೇಲೆ ವರ್ಷಗಟ್ಟಲೆ ಕೂತು ಆ ಟಿಪ್ಪಣಿಗಳನ್ನು ವಿಂಗಡಿಸಿ ಒಪ್ಪ ಮಾಡಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ, ಹಾಗೆ ಒಪ್ಪ ಮಾಡಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮೂರೂ ಪ್ರತಿ ಒಂದೇ ಕಡೆ ಇದ್ದವು. ಗೆಳೆಯರ ಒತ್ತಾಸೆಯಿಂದ ಅವರು ನೆನಪನ್ನೇ ಬಹುಮಟ್ಟಿಗೆ ನೆಚ್ಚಿ ಆ ಹಳ್ಳಿಯ ಬಗ್ಗೆ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಭಾರತೀಯ ಸಮಾಜಶಾಸ್ತ್ರದ ಮುಖ್ಯ ಕೃತಿಗಳಲ್ಲಿ ಒಂದಾಯಿತು. ವರ್ಷಗಳ ಕಾಲ ಟಿಪ್ಪಣಿಯ ಜೊತೆ ಬದುಕಿದವರಿಗೆ ಮಾತ್ರ ಅಂಥ ನೆನಪು ಉಳಿಯುತ್ತದೆ. ನಿಮ್ಮ ಮಟ್ಟಿಗೆ ಇದರಿಂದ ತೆಗೆದುಕೊಳ್ಳಬೇಕಾದ ಪಾಠ ತೀರಾ ಸರಳವಾದದ್ದು: ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ಅದೇ ದಿನ ತೆಗೆದು, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ ಇಡಿ.

ನೋಡುವುದರಲ್ಲೂ ಬಗೆಗಳಿವೆ. ದೂರ ನಿಂತು ನೋಡುವುದು ಒಂದು, ಕೆಲಸದಲ್ಲಿ ಸೇರಿಕೊಂಡು ನೋಡುವುದು ಇನ್ನೊಂದು. ಎರಡನೆಯದಕ್ಕೆ ಸಹಭಾಗಿ ಅವಲೋಕನ ಎಂದು ಹೆಸರು. ಇದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1970ರ ಸುಮಾರಿಗೆ ಅಮೆರಿಕದಿಂದ ಉಡುಪಿಗೆ ಬಂದ ಮಾರ್ತಾ ಆಶ್ಟನ್ ಬಡಗುತಿಟ್ಟಿನ ಯಕ್ಷಗಾನವನ್ನು ಕುರ್ಚಿಯಲ್ಲಿ ಕೂತು ನೋಡಿ ಬರೆಯಲಿಲ್ಲ. ಮದ್ದಳೆಯ ಹಿರಿಯರಾದ ಹಿರಿಯಡ್ಕ ಗೋಪಾಲ ರಾಯರಲ್ಲಿ ಕಲಿತರು, ಗೆಜ್ಜೆ ಕಟ್ಟಿದರು, ವೇಷ ಹಾಕಿ ರಂಗಕ್ಕೆ ಬಂದರು. ಬ್ರೂಸ್ ಕ್ರಿಸ್ಟಿ ಅವರೊಂದಿಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಪ್ರಕಟವಾಯಿತು. ತಾಳ ತಪ್ಪಿದಾಗ ಗುರು ಎಲ್ಲಿ ತಿದ್ದುತ್ತಾರೆ ಎಂಬುದು ಕಲಿಯುವವರಿಗೆ ಗೊತ್ತಾಗುವಷ್ಟು ಪ್ರೇಕ್ಷಕರಿಗೆ ಗೊತ್ತಾಗದು. ಇತ್ತ ಕೋಟದ ಶಿವರಾಮ ಕಾರಂತರು ವಿಶ್ವವಿದ್ಯಾನಿಲಯದ ಹೊರಗೇ ಇದ್ದು ಮೇಳ, ಕಲಾವಿದರು, ಹಳೆಯ ಪ್ರಸಂಗಗಳ ಬೆನ್ನು ಹತ್ತಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾರಂತರು ಒಳಗಿನವರು, ಆಶ್ಟನ್ ಹೊರಗಿನವರು. ಒಳಗಿನವರಿಗೆ ಬಾಗಿಲು ಬೇಗ ತೆರೆಯುತ್ತದೆ, ಆದರೆ ನಿತ್ಯ ಕಂಡದ್ದು ಕಣ್ಣಿಗೆ ಬೀಳದೇ ಹೋಗುವ ಅಪಾಯವೂ ಇದೆ. ನೀವು ನಿಮ್ಮೂರಿನ ಬಗ್ಗೆಯೇ ಬರೆಯುವವರು. ಮಂದಾರ್ತಿ ಮೇಳದ ಹರಕೆ ಆಟಕ್ಕೆ ವರ್ಷಗಳ ಮುಂಚೆಯೇ ಹೆಸರು ಬರೆಸಿ ಕಾಯುವುದು ನಿಮಗೆ ಮಾಮೂಲು. ಹೊರಗಿನವರಿಗೆ ಅದೇ ಮೊದಲ ಪ್ರಶ್ನೆಯಾಗುತ್ತದೆ: ಇಷ್ಟು ವರ್ಷ ಒಂದು ಮನೆ ಯಾಕೆ ಕಾಯುತ್ತದೆ, ಈ ನಡುವೆ ಹರಕೆ ಹೊತ್ತವರು ತೀರಿಕೊಂಡರೆ ಅದು ಯಾರ ಹೊಣೆಯಾಗುತ್ತದೆ? ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಲು ಕಲಿಯಬೇಕು. ಆಟ ನೋಡಲು ಹೋದಾಗ ರಂಗಸ್ಥಳದ ಎದುರು ಎಷ್ಟು ಹೊತ್ತು ಕೂರುತ್ತೀರೋ ಅಷ್ಟೇ ಹೊತ್ತು ಅನುಮತಿ ಪಡೆದು ಚೌಕಿಯಲ್ಲಿಯೂ ಕೂತು ನೋಡಿ.

ಯಾರನ್ನು ಮಾತನಾಡಿಸಬೇಕು, ಎಷ್ಟು ಮಂದಿಯನ್ನು? ಸಮೀಕ್ಷೆಯಲ್ಲಿ ಚೀಟಿ ಎತ್ತಿದಂತೆ ಆರಿಸುತ್ತಾರೆ, ಯಾರೂ ಬರಬಹುದು. ಇಲ್ಲಿ ಬೇಕೆಂದೇ ಆರಿಸುತ್ತೇವೆ: ಈ ವಿಷಯ ಯಾರಿಗೆ ಆಳವಾಗಿ ಗೊತ್ತು, ಯಾರ ಬದುಕು ಅದರಿಂದ ಬದಲಾಗಿದೆ, ಯಾರು ಉಳಿದವರಿಗಿಂತ ಬೇರೆ ಮಾತು ಹೇಳಬಹುದು? ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದೆ. ಆ 61 ದಿನಗಳನ್ನು ಮನೆಗಳು ಹೇಗೆ ದಾಟುತ್ತವೆ ಎಂದು ತಿಳಿಯಬೇಕಾದರೆ ಬೋಟಿನ ಮಾಲಕರೊಬ್ಬರು, ತಾಂಡೇಲರೊಬ್ಬರು, ಬೋಟಿಗೆ ಹೋಗುವ ಕೂಲಿಯವರು, ಆ ಮಳೆಗಾಲದಲ್ಲೇ ಕಡಲಿಗಿಳಿಯುವ ನಾಡದೋಣಿಯವರು, ಮೀನು ಮಾರುವ ಹೆಂಗಸರು, ಐಸ್ ಪ್ಲಾಂಟಿನಲ್ಲಿ ದುಡಿಯುವವರು ಎಲ್ಲರೂ ಬೇಕು. ‘ಮೀನುಗಾರರು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನಾಡದೋಣಿಯವರ ದುಡಿಮೆಯ ದಿನವೂ ಬೋಟಿನವರ ಬಿಡುವಿನ ದಿನವೂ ಒಂದೇ ಎಂಬುದು ಮರೆಯಾಗುತ್ತದೆ. ಒಬ್ಬರು ಇನ್ನೊಬ್ಬರ ಹೆಸರು ಹೇಳಿ, ಅವರು ಮತ್ತೊಬ್ಬರನ್ನು ತೋರಿಸಿ ಸರಪಳಿ ಬೆಳೆಯುವುದುಂಟು. ಅದು ಒಳ್ಳೆಯದೇ, ಆದರೆ ಒಂದೇ ಕೇರಿ, ಒಂದೇ ಜಾತಿ, ಒಂದೇ ಪಕ್ಷದೊಳಗೆ ನಿಮ್ಮನ್ನು ಸುತ್ತಿಸಿಬಿಡುತ್ತದೆ. ಆದ್ದರಿಂದ ಸರಪಳಿಯನ್ನು ಬೇರೆ ಬೇರೆ ಕಡೆಗಳಿಂದ ಶುರುಮಾಡಿ. ಹೊಸ ಸಂಗತಿ ಬರುವುದು ನಿಂತ ಮೇಲೆ ನಿಲ್ಲಿಸಬಹುದು ಎಂಬ ಸೂತ್ರ ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಆದರೆ ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳಿದರೆ ಎರಡನೇ ದಿನಕ್ಕೇ ಹೊಸದು ಬರುವುದು ನಿಲ್ಲುತ್ತದೆ, ಅದನ್ನು ಈ ಸೂತ್ರ ಹೇಳುವ ನಿಲುಗಡೆ ಎಂದುಕೊಳ್ಳಬೇಡಿ.

ಸಂದರ್ಶನದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ನಾನು ಯಾವಾಗಲೂ ಕೊಡುವ ಉದಾಹರಣೆ ಭೂಮಸೂದೆಯದು, ಯಾಕೆಂದರೆ ಆ ಕಾಲವನ್ನು ಪ್ರಾಯಕ್ಕೆ ಬಂದ ಮೇಲೆ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಪದ್ಧತಿಗೆ ಕೊನೆ ಹಾಡಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಾವು ಉಳುತ್ತಿದ್ದ ಭೂಮಿಯನ್ನು ಕೇಳಬೇಕಿತ್ತು. ಊರಿನಲ್ಲಿ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಾರೆ. ಗೇಣಿ ಬಹಳ ಹಬ್ಬಿದ್ದ ಕರಾವಳಿಯಲ್ಲಿ ಅದು ಊರಿಗೆ ಊರನ್ನೇ ಬದಲಿಸಿತು. ಎಷ್ಟು ಅರ್ಜಿ, ಎಷ್ಟು ಎಕರೆ ಎಂಬುದು ಸರ್ಕಾರದ ಕಡತದಲ್ಲಿ ಸಿಗುತ್ತದೆ. ತಲೆತಲಾಂತರದಿಂದ ಅಂಗಳದ ಕೆಳಗೆ ನಿಂತು ಮಾತನಾಡಿದವರು ಧಣಿಯ ವಿರುದ್ಧ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚಿನ ರಾತ್ರಿ ಮನೆಯಲ್ಲಿ ಏನು ಮಾತು ನಡೆಯಿತು ಎಂಬುದು ಸಿಗುವುದಿಲ್ಲ.

ಅಂಥ ಒಬ್ಬ ಅಜ್ಜನ ಎದುರು ಕೂತು ‘ಭೂ ಸುಧಾರಣೆಯಿಂದ ನಿಮ್ಮ ಸಾಮಾಜಿಕ ಸ್ಥಾನಮಾನ ಹೆಚ್ಚಿತೇ?’ ಎಂದು ಕೇಳಿದರೆ ‘ಹೌದು ಮಗಾ’ ಎನ್ನುತ್ತಾರೆ. ನಿಮಗೆ ಬೇಸರವಾಗಬಾರದಲ್ಲ! ಉತ್ತರವನ್ನು ನೀವೇ ಪ್ರಶ್ನೆಯೊಳಗೆ ಇಟ್ಟು ಕೊಟ್ಟಿದ್ದೀರಿ. ಬದಲಿಗೆ ಹೀಗೆ ಶುರುಮಾಡಿ: ‘ಅಜ್ಜಾ, ಆಗ ನೀವು ಯಾವ ಗದ್ದೆ ಮಾಡುತ್ತಿದ್ರಿ?’ ಗದ್ದೆಯ ಹೆಸರು ಬರುತ್ತದೆ, ಗೇಣಿ ಎಷ್ಟು ಮುಡಿ ಎಂಬುದು ಬರುತ್ತದೆ, ಮುಡಿ ಹೊತ್ತುಕೊಂಡು ಹೋಗುವ ದಾರಿ ಬರುತ್ತದೆ. ‘ಅಕ್ಕಿ ಅಳೆಯುವಾಗ ಯಾರೆಲ್ಲ ಇರುತ್ತಿದ್ರು?’ ‘ಡಿಕ್ಲರೇಶನ್ ಕೊಡಬೇಕು ಅಂತ ಮೊದಲು ಹೇಳಿದ್ದು ಯಾರು?’ ‘ಕೊಟ್ಟ ಮೇಲೆ ಧಣಿಗಳ ಮನೆಯ ಮದುವೆಗೆ ಹೋದ್ರಾ?’ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಮ್ಮ ‘ಸಾಮಾಜಿಕ ಸ್ಥಾನಮಾನ’ ಪೂರ್ತಿ ಇರುತ್ತದೆ, ಆ ಪದವನ್ನು ನೀವು ಬಾಯಿಗೆ ತರಬೇಕಿಲ್ಲ. ಗುಣಾತ್ಮಕ ಮೌಲ್ಯಮಾಪನದ ಬಗ್ಗೆ ಹೆಚ್ಚು ಓದಿಸಿಕೊಂಡ ಪುಸ್ತಕ ಬರೆದ ಅಮೆರಿಕದ ಮೈಕೆಲ್ ಕ್ವಿನ್ ಪ್ಯಾಟನ್ ಪ್ರಶ್ನೆಗಳನ್ನು ವಿಂಗಡಿಸಿದ್ದಾರೆ: ಮಾಡಿದ್ದರ ಬಗ್ಗೆ, ಅಭಿಪ್ರಾಯದ ಬಗ್ಗೆ, ಭಾವನೆಯ ಬಗ್ಗೆ, ತಿಳಿವಳಿಕೆಯ ಬಗ್ಗೆ, ಕಂಡು ಕೇಳಿದ್ದರ ಬಗ್ಗೆ, ಹಿನ್ನೆಲೆಯ ಬಗ್ಗೆ. ಇವುಗಳಲ್ಲಿ ಮಾಡಿದ್ದರಿಂದ, ಕಂಡದ್ದರಿಂದ ಶುರುಮಾಡುವುದು ಮೇಲು. ಅಭಿಪ್ರಾಯ ಎಲ್ಲರಿಗೂ ಇದ್ದೇ ಇರುತ್ತದೆ, ಆದರೆ ಅನುಭವ ಹೇಳಿ ಮುಗಿದ ಮೇಲೆ ಬರುವ ಅಭಿಪ್ರಾಯದ ತೂಕವೇ ಬೇರೆ.

ಧಣಿಗಳ ಮನೆಗೂ ಹೋಗಿ. ಭೂಮಿ ಕಳೆದುಕೊಂಡ ಮನೆಗಳಲ್ಲಿ ದೊಡ್ಡವರೂ ಇದ್ದರು, ಒಂದೆರಡು ಎಕರೆಯ ಗೇಣಿಯಲ್ಲೇ ಬದುಕುತ್ತಿದ್ದವರೂ ಇದ್ದರು. ಆ ಮನೆಯ ಹೆಂಗಸರ ನೆನಪು ಗಂಡಸರ ನೆನಪಿಗಿಂತ ಬೇರೆಯಾಗಿರಬಹುದು. ಒಕ್ಕಲಿನ ಮನೆಯಲ್ಲೂ ಅಷ್ಟೇ: ನಾಟಿ ಮಾಡಿದ್ದು ಯಾರು, ಅರ್ಜಿ ಯಾರ ಹೆಸರಿನಲ್ಲಿ ಹೋಯಿತು ಎಂದು ಕೇಳಲು ಮರೆಯಬೇಡಿ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಳೆಯಾಗದಿದ್ದರೆ ಗಾಬರಿಯಾಗಬೇಕಿಲ್ಲ, ಯಾರೋ ಸುಳ್ಳು ಹೇಳಿದರೆಂದು ತೀರ್ಮಾನಿಸಲೂ ಬೇಡಿ. ಎರಡನ್ನೂ ಬರೆದುಕೊಂಡು ಪಹಣಿ, ನ್ಯಾಯಮಂಡಳಿಯ ಆದೇಶ, ಹಳೆಯ ಗೇಣಿಚೀಟಿ ಏನಾದರೂ ಇದೆಯೇ ನೋಡಿ. ಮಾತು, ಕಣ್ಣೋಟ, ದಾಖಲೆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸುವುದು ಈ ವಿಧಾನದ ಮುಖ್ಯ ಕಾವಲು.

ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಮಾಡಿ, ಫೋನನ್ನು ಅವರಿಗೆ ಕಾಣುವಂತೆ ಇಡಿ. ಬೇಡವೆಂದರೆ ಬೇಡ. ಬರೆದುಕೊಳ್ಳುವಾಗ ಒಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು: ಅವರ ಕುಂದಾಪ್ರ ಕನ್ನಡವನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯಬೇಡಿ. ನಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತನ್ನು ಕಾಗದದ ಮೇಲೆ ಕಂಡರೆ ನಾಚುತ್ತಾರೆ. ನಾಚಬೇಕಾದದ್ದು ಏನಿದೆ? ಆ ಬೀಡಿ ಕಟ್ಟುವ ಅಕ್ಕನ ಮಾತನ್ನು ‘ನಾನು ಗೃಹಿಣಿಯಾಗಿದ್ದೇನೆ’ ಎಂದು ತಿದ್ದಿದ ಕ್ಷಣಕ್ಕೆ ಅದು ಅವರ ಮಾತಾಗಿ ಉಳಿಯಲಿಲ್ಲ, ನಿಮ್ಮದಾಯಿತು. ಕೇಳಿದ್ದು ಎಂಬ ಪಟ್ಟಿಯಿಂದ ಅನಿಸಿದ್ದು ಎಂಬ ಪಟ್ಟಿಗೆ ಜಾರಿತು. ಬ್ರಹ್ಮಾವರದಿಂದ ದಕ್ಷಿಣಕ್ಕೆ ಸರಿದರೆ ತುಳು, ಗಂಗೊಳ್ಳಿಯ ಖಾರ್ವಿ ಮನೆಗಳಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತರ ಮಾತು. ನಿಮಗೆ ಬಾರದ ಭಾಷೆಯಾದರೆ ಮಾತು ತಿಳಿಸಿಕೊಟ್ಟವರು ಯಾರು ಎಂಬುದನ್ನೂ ಟಿಪ್ಪಣಿಯಲ್ಲಿ ದಾಖಲಿಸಿ. ಅವರ ಕಿವಿಯನ್ನು ದಾಟಿಯೇ ಆ ಮಾತು ನಿಮ್ಮಲ್ಲಿಗೆ ಬಂದಿದೆ.

ಗುಂಪು ಚರ್ಚೆ ಇನ್ನೊಂದು ಸಾಧನ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಅರ್ಧ ಗಂಟೆ ಕೇಳಿಕೊಂಡು ಮಾಡಬಹುದು. ಮಾತನಾಡಿದವರಷ್ಟೇ ಮುಖ್ಯರು ಸುಮ್ಮನಿದ್ದವರು, ಅವರನ್ನು ಆಮೇಲೆ ಬೇರೆಯಾಗಿ ಕಾಣಿ. 1990ರ ಆಸುಪಾಸಿನಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಸಹಭಾಗಿತ್ವದ ಗ್ರಾಮ ಅಧ್ಯಯನವನ್ನು ಬಳಕೆಗೆ ತಂದರು. ಊರಿನವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸುತ್ತಾರೆ. ಯಾರ ಮನೆ ಮೊದಲು ಬಂತು, ಯಾವ ಬಾವಿ ಬಿಟ್ಟುಹೋಯಿತು, ಯಾರು ಅದನ್ನು ನೆನಪಿಸಿದರು ಎಂದು ನೋಡಿ.

ಮನೆಗೆ ಬಂದ ಮೇಲಿನ ಕೆಲಸಕ್ಕೆ ಎಲ್ಲರೂ ಹೆದರುತ್ತಾರೆ: ರಾಶಿ ಬಿದ್ದ ಪುಟಗಳು. ಬಲೆಯಿಂದ ಸುರಿದ ಮೀನನ್ನು ಬಂದರಿನಲ್ಲಿ ಜಾತಿವಾರು ಬುಟ್ಟಿಗೆ ಹಾಕುವ ಹಾಗೆ ಇದನ್ನೂ ವಿಂಗಡಿಸಬೇಕು, ಆದರೆ ಇಲ್ಲಿ ಬುಟ್ಟಿಗಳನ್ನು ಮೊದಲೇ ತಂದಿರಬಾರದು. ಪುಟವನ್ನು ಸಾಲು ಸಾಲಾಗಿ ಓದುತ್ತ ಅಂಚಿನಲ್ಲಿ ಪುಟ್ಟ ಹೆಸರು ಬರೆಯುತ್ತ ಹೋಗಿ. ಬೀಡಿಯ ಅಧ್ಯಯನವಾದರೆ ‘ಕೆಲಸವಲ್ಲ ಎನ್ನುವುದು’, ‘ಬೇಡವೆಂದ ಬೀಡಿ’, ‘ಮಗಳಿಗೆ ಬೇಡ ಈ ಕೆಲಸ’, ‘ಕೆಮ್ಮು’, ‘ಸ್ವಂತ ದುಡ್ಡು’ ಇತ್ಯಾದಿ. ಒಂದೇ ಹೆಸರಿನವು ಒಟ್ಟಿಗೆ ಬಂದಾಗ ಅವುಗಳ ನಡುವಿನ ಸಂಬಂಧ ಕಾಣತೊಡಗುತ್ತದೆ. ಕೆಲಸವೇ ಅಲ್ಲ ಎಂದವರೇ ‘ಸ್ವಂತ ದುಡ್ಡು’ ಎಂದು ಹೆಮ್ಮೆಪಟ್ಟಿದ್ದಾರೆಯೇ? ಹಾಗಿದ್ದರೆ ನಿಮ್ಮ ಸಂಶೋಧನೆಯ ಗಂಟು ಅಲ್ಲಿದೆ. ಆ ಹಂತದಲ್ಲಿ ನಿಮ್ಮ ತೀರ್ಮಾನಕ್ಕೆ ಒಗ್ಗದವರನ್ನು ಬೇಕೆಂದೇ ಹುಡುಕಿ. ಒಬ್ಬರಾದರೂ ‘ಬೀಡಿ ನನ್ನ ಉದ್ಯೋಗ, ಸಂಘದಲ್ಲಿ ಸದಸ್ಯತ್ವ ಇದೆ’ ಎಂದು ನೇರ ಹೇಳಿದ್ದರೆ ಅವರನ್ನು ಬದಿಗೆ ಸರಿಸಬೇಡಿ. ಅವರು ಯಾಕೆ ಹಾಗೆ ಹೇಳಬಲ್ಲವರಾದರು ಎಂದು ಕೇಳುತ್ತ ಹೋದರೆ ಉಳಿದವರ ಮಾತಿನ ಅರ್ಥವೂ ಬಿಚ್ಚಿಕೊಳ್ಳುತ್ತದೆ.

ಇನ್ನು ಮೌಲ್ಯಮಾಪನ. ಒಂದು ಯೋಜನೆ, ಕಾರ್ಯಕ್ರಮ, ಕಾಯ್ದೆ ತಾನು ಮಾಡಹೊರಟದ್ದನ್ನು ಮಾಡಿತೇ, ಅದರ ಜೊತೆಗೆ ಬೇರೆ ಏನೆಲ್ಲ ಆಯಿತು ಎಂದು ತಿಳಿಯುವುದು. ಅದಕ್ಕೂ ಇದೇ ಸಾಧನಗಳು ಬೇಕು. ಈ ವಿಷಯದಲ್ಲಿ ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನವನ್ನು ಎಲ್ಲ ವಿದ್ಯಾರ್ಥಿಗಳೂ ತಿಳಿದಿರಬೇಕು. ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ನೀರಾವರಿಯ ಪರಿಣಾಮವನ್ನು ನೋಡಿದರು. ಬರಹದಲ್ಲಿ ಅವುಗಳ ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆಯ ನೀರು ಬಂತು. ಸುತ್ತಲೂ ನೀರಾವರಿ ಆದರೂ ದಲೇನದ ಹೊಲಗಳು ಒಣಭೂಮಿಯಾಗಿಯೇ ಉಳಿದವು. ನೀರು ಬಂದ ಊರು ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಅವರು ಕಂಡದ್ದು ಬೇರೆ. ನೀರು ಬಂದ ವಂಗಲದವರು ಬೇಸಾಯದಲ್ಲೇ ಹೆ‌ಚ್ಚು ತೊಡಗಿದರು, ಊರಿನ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಸಿಗದ ದಲೇನದವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರ, ಗುತ್ತಿಗೆ ಎಂದು ಹೊರಗೆ ಹೊರಟರು, ಊರೊಳಗಿನ ಯಜಮಾನಿಕೆ, ಕುಟುಂಬ, ಜಾತಿಸಂಬಂಧಗಳು ಅಲ್ಲೇ ಹೆಚ್ಚು ಸಡಿಲಾದವು. ಎಷ್ಟು ಎಕರೆಗೆ ನೀರು ಎಂಬ ವರದಿಯಲ್ಲಿ ದಲೇನದ ಹೆಸರೇ ಬರುತ್ತಿರಲಿಲ್ಲ. ಹಾಗೆಯೇ 1979ರಲ್ಲಿ ಮಂಜೂರಾಗಿ ದಶಕಗಳ ಕಾಲ ಕುಂಟಿದ ನಮ್ಮ ವಾರಾಹಿ ನೀರಾವರಿ ಯೋಜನೆಯನ್ನು ಯಾರಾದರೂ ಅಧ್ಯಯನ ಮಾಡುವುದಾದರೆ, ಕಾಲುವೆ ತಲುಪಿದ ಊರಿಗೆ ಹೋದಷ್ಟೇ ಸಲ ಅದು ತಲುಪದ ಊರಿಗೂ ಹೋಗಬೇಕು. ಕಾದು ಕಾದು ಗದ್ದೆಯನ್ನು ಅಡಿಕೆ ತೋಟ ಮಾಡಿದವರು, ಹಡಿಲು ಬಿಟ್ಟು ಬೆಂಗಳೂರಿನ ಹೋಟೆಲಿಗೆ ಹೋದವರು ಎಷ್ಟೋ ಮಂದಿ ಇರಬಹುದು. ಕಾಯಿಸಿದ್ದೂ ಒಂದು ಪರಿಣಾಮವೇ.

ಇನ್ನೂ ಹತ್ತಿರದ ವಿಷಯ ಬೇಕಿದ್ದರೆ ಬಸ್ಸು ಹತ್ತಿ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದೇ ಪಾರುಪತ್ಯ. ಇಡೀ ರಾಜ್ಯದಲ್ಲಿ ಎಷ್ಟು ಶೂನ್ಯ ಟಿಕೆಟ್ ಹರಿದರು ಎಂಬ ಲೆಕ್ಕ ಎಷ್ಟೇ ದೊಡ್ಡದಿದ್ದರೂ, ಖಾಸಗಿ ಬಸ್ಸು ಮಾತ್ರ ಬರುವ ಒಳಹಳ್ಳಿಯ ಹೆಂಗಸಿಗೆ ಈ ಯೋಜನೆ ಏನು ಎಂಬುದನ್ನು ಅದು ಹೇಳಲಾರದು. ಆಕೆ ಹೆದ್ದಾರಿಯವರೆಗೆ ನಡೆದು ಬರುತ್ತಾರೆಯೇ? ಸರ್ಕಾರಿ ಬಸ್ಸಿಗೆ ಕಾದರೆ ಕೂಲಿಗೆ ತಡವಾಗುತ್ತದೆಂದು ದುಡ್ಡು ಕೊಟ್ಟೇ ಹೋಗುತ್ತಾರೆಯೇ? ದಿನವೂ ಕೈಚೀಲ ಎತ್ತಿಕೊಟ್ಟು ನಿಲ್ಲಿಸುವ ಖಾಸಗಿ ಬಸ್ಸಿನ ಕಂಡಕ್ಟರ್ ಮೇಲಿನ ವಿಶ್ವಾಸ ಎಷ್ಟು ಕೆಲಸ ಮಾಡುತ್ತದೆ? ಯಾರೂ ಹೇಳದ ಇನ್ನೊಂದನ್ನೂ ಗಮನಿಸಿ: ಇಲ್ಲಿಯವರೆಗೆ ಹೊರಗೆ ಹೋಗಲು ಗಂಡನ ಹತ್ತಿರ ಚಿಲ್ಲರೆ ಕೇಳಬೇಕಿದ್ದವರು ಈಗ ಕೇಳದೆ ಕೊಲ್ಲೂರಿಗೋ ತವರಿಗೋ ಹೊರಟರೆ ಮನೆಯಲ್ಲಿ ಏನು ಬದಲಾಗುತ್ತದೆ? ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲೇ ಮನಸ್ಸು ಮಾಡಿಕೊಂಡು ಹೋದವರಿಗೆ ಇವು ಯಾವುದೂ ಕೇಳಿಸುವುದಿಲ್ಲ. ಮೌಲ್ಯಮಾಪನ ಯಾರ ಉಪಯೋಗಕ್ಕೆ ಎಂಬುದನ್ನೂ ಮೊದಲೇ ಯೋಚಿಸಿ. ಪಂಚಾಯತ್ ಸದಸ್ಯರು, ಡಿಪೋದವರು, ಆ ಹೆಂಗಸರೇ ಓದಬಹುದಾದ ಎರಡು ಪುಟ, ನೂರು ಪುಟದ ವರದಿಗಿಂತ ಹೆಚ್ಚು ಕೆಲಸ ಮಾಡೀತು.

ಒಂದು ಎಚ್ಚರವನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತೇನೆ. ಹೆಸರು ಬದಲಿಸಿದರೆ ಗುಟ್ಟು ಉಳಿಯುತ್ತದೆಂದು ಪಠ್ಯಗಳು ಹೇಳುತ್ತವೆ. ನಮ್ಮ ಊರುಗಳು ಚಿಕ್ಕವು. ‘ದೇವಸ್ಥಾನದ ಹಿಂದಿನ ಮನೆಯ, ಮಗ ಮುಂಬಯಿಯಲ್ಲಿರುವ ವಿಧವೆ’ ಎಂದು ಬರೆದರೆ ಹೆಸರು ಬೇಕಾಗಿಯೇ ಇಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಗುರುತು ಹಿಡಿಯುವ ವಿವರಗಳನ್ನು ತೆಗೆಯಿರಿ, ಇಲ್ಲವೇ ಬರೆಯುವುದನ್ನೇ ಬಿಡಿ. ಜಾತಿಯ ಅವಮಾನ, ಸಾಲ, ಮನೆಯೊಳಗಿನ ಹೊಡೆತ ಇಂಥವನ್ನು ಯಾರಾದರೂ ನಿಮ್ಮ ಮುಂದೆ ಹೇಳಿಕೊಂಡರೆ ಅದು ನಿಮ್ಮ ಅಧ್ಯಾಯಕ್ಕೆ ಒಳ್ಳೆಯ ಉದಾಹರಣೆ ಎಂದು ಖುಷಿಪಡುವ ಮೊದಲು, ಅದು ಹೊರಗೆ ಬಂದರೆ ಅವರಿಗೆ ಏನಾಗುತ್ತದೆ ಎಂದು ಯೋಚಿಸಿ. ಸಂದರ್ಶನದ ಮೊದಲು ಒಪ್ಪಿಗೆ ಕೇಳಿದ್ದು ಸಾಲದು. ಬರೆದು ಮುಗಿಸಿದ ಮೇಲೆ ಅವರ ಮಾತು ಬಂದಿರುವ ಪುಟವನ್ನು ಅವರಿಗೆ ಓದಿ ಹೇಳಿ, ಬೇಡವೆಂದದ್ದನ್ನು ಹೊಡೆದುಹಾಕಿ. ಹಾಗೆ ಓದಿ ಹೇಳುವಾಗ ‘ಅದ್ ಹಾಂಗಲ್ಲ’ ಎಂದು ತಿದ್ದುವವರಿಂದ ಬರುವ ಮಾಹಿತಿ ಕೆಲವೊಮ್ಮೆ ಮೊದಲ ಸಂದರ್ಶನಕ್ಕಿಂತ ಚೆನ್ನಾಗಿರುತ್ತದೆ.

ವಿಷಯ ಇನ್ನೂ ಆರಿಸಿಕೊಳ್ಳದವರು ಈ ವಾರ ಒಂದು ಸಣ್ಣ ಅಭ್ಯಾಸ ಮಾಡಿ. ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ, ಬೈಂದೂರು ಅಥವಾ ಬ್ರಹ್ಮಾವರದ ಬಸ್ಸು ನಿಲ್ಲುವಲ್ಲಿ ಒಂದು ಗಂಟೆ ಕೂತುಕೊಳ್ಳಿ. ಯಾರನ್ನೂ ಏನೂ ಕೇಳಬೇಡಿ. ಪುಟವನ್ನು ಮೂರು ಪಟ್ಟಿ ಮಾಡಿ ಕಂಡದ್ದು, ಕೇಳಿದ್ದು, ಅನಿಸಿದ್ದು ಬರೆಯಿರಿ. ಅದೇ ರಾತ್ರಿ, ನಿದ್ದೆಗೆ ಮುಂಚೆ, ಅದನ್ನು ವಿವರವಾಗಿ ಬರೆದು ಮುಗಿಸಿ. ನಾಳೆಗೆ ಇಟ್ಟರೆ ಅರ್ಧ ಮರೆತಿರುತ್ತದೆ, ಉಳಿದರ್ಧವನ್ನು ಮನಸ್ಸು ತನಗೆ ಬೇಕಾದಂತೆ ತಿದ್ದಿರುತ್ತದೆ. ಮರುದಿನ ಪುಟವನ್ನು ಗೆಳೆಯರೊಬ್ಬರಿಗೆ ಕೊಟ್ಟು, ಮೊದಲ ಪಟ್ಟಿಯಲ್ಲಿರುವ ‘ಬಡವರು’, ‘ಗಡಿಬಿಡಿಯಲ್ಲಿದ್ದರು’, ‘ಸಿಟ್ಟಾದರು’ ಇಂಥ ಮಾತುಗಳಿಗೆಲ್ಲ ಅಡಿಗೆರೆ ಹಾಕಲು ಹೇಳಿ. ಅವೆಲ್ಲ ಮೂರನೇ ಪಟ್ಟಿಗೆ ಸೇರಬೇಕಾದವು. ಅಡಿಗೆರೆ ಬಿದ್ದ ಒಂದೊಂದು ಮಾತಿನ ಜಾಗದಲ್ಲೂ, ನೀವು ಏನನ್ನು ನೋಡಿ ಹಾಗೆ ಬರೆದಿರೋ ಅದನ್ನು ಬರೆಯಿರಿ. ಅದು ನೆನಪಿಗೆ ಬಾರದಿದ್ದರೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ ಕೂತುಕೊಳ್ಳಿ.